ಪೆಲ್ಕಿ ವಿರುದ್ಧ ಪೆಲ್ಕಿ

ಹಾರ್ಲೋ ಫಾಲ್ಸ್, ಮೇಯ್ನ್
ಗುರುವಾರ, ಮಾರ್ಚ್ ೧೪, ೧೯೯೬

ನನ್ನ ಮೊಂಡ ರೊಸೇರ್‌ಗೆ,

ಇಲ್ಲಿ ನಾನು ಕ್ಷೇಮ. ಅಲ್ಲಿ ನೀನು ಕ್ಷೇಮವಾಗಿರಲು ಸಾಧ್ಯವೇ ಇಲ್ಲ. ಡಿಸೆಂಬರಿನಿಂದ ನಿನ್ನ ತಮ್ಮನ ಕೈಯಡುಗೆ ತಿನ್ನುತ್ತಿರುವ ಮನುಷ್ಯ ಕ್ಷೇಮವಾಗಿದ್ದೇನೆ ಅಂದರೆ ನಾನು ನಂಬುವವಳಲ್ಲ.

ನಾನಾಗಿ ಮೊದಲು ಬರೆಯಬಾರದು ಎಂದು ಹಟ ಹಿಡಿದಿದ್ದೆ. ಆದರೆ ನಿನ್ನೆ ಬೆಳಿಗ್ಗೆ ನಿನ್ನ ಆ ತಮ್ಮ ಲೂಸಿಯನ್ ನನ್ನ ಬೇಕರಿ ಅಂಗಡಿಗೆ ಬಂದು ರೊಟ್ಟಿ ಕಟ್ಟಿಸಿಕೊಂಡ. ಹೋಗದೆ ಟೋಪಿ ತಿರುಗಿಸುತ್ತ ನಿಂತ. ಆಮೇಲೆ ನೆಲ ನೋಡುತ್ತ ಹೇಳಿದ: "ಅತ್ತಿಗೆ, ಕೋರ್ಟಿನ ಕೆಲ್ಸ ಎಲ್ಲಾ ಮುಗೀತಲ್ಲ, ಅಣ್ಣನ ಬಟ್ಟೆ ಗಂಟು ಕಟ್ಟಿ ಕೊಟ್ಬಿಡಿ. ಪಾಪ, ಡೈವೋರ್ಸ್ ಆದಾಗಿಂದ ಒಂದೇ ಅಂಗೀಲಿ ಇದಾನೆ."

ಯಾರಿಗೆ ಡೈವೋರ್ಸ್ ಎಂದು ಕೇಳಿದೆ. ಅವನು ಅಷ್ಟೇ ದುಃಖದಿಂದ ನನಗೂ ನಿನಗೂ ಎಂದ. ಆಗ ಗೊತ್ತಾಯಿತು ನೋಡು. ಜನವರಿಯಲ್ಲಿ ಶೆರಿಫ್‌ನ ಕಡೆಯವನು ಕೆರೆಯ ಮಂಜುಗಡ್ಡೆಯ ಮೇಲೆ ನಡೆದು ಬಂದು, ಮೀನು ಹಿಡಿಯಲು ಅಲ್ಲೇ ಹಾಕಿಕೊಂಡಿರುವ ನಿನ್ನ ಗುಡಿಸಲಿಗೆ ಸಮನ್ಸ್ ತಲುಪಿಸಿದ್ದು, ನೀನು ಮೇಲಿನ ಹಾಳೆಯಲ್ಲಿ ಫಿರ್ಯಾದಿ ಅರೋರ್ ಪೆಲ್ಕಿ, ಪ್ರತಿವಾದಿ ರೊಸೇರ್ ಪೆಲ್ಕಿ ಅಂತ ಓದಿದ್ದು, ಮುಂದಿನ ಹಾಳೆ ತಿರುಗಿಸದೆ ಹಾಗೇ ಗಾಳಕ್ಕೆ ಸಿಕ್ಕಿಸುವ ಎರೆಮೀನಿನ ಬಕೆಟ್ಟಿನ ಕೆಳಗೆ ಒತ್ತಿಟ್ಟಿದ್ದು, ಎಲ್ಲ. ಎರಡು ತಿಂಗಳು ಅದು ಅಲ್ಲೇ ನೆನೆಯಿತಂತೆ.

ರೊಸೇರ್, ನಾನು ದಾವೆ ಹೂಡಿದ್ದು ನನ್ನ ಗಂಡನ ಮೇಲಲ್ಲ. ಅಂಗಡಿ ಬೋರ್ಡುಗಳ ತಪಾಸಣೆ ಮಾಡುವ ಹಾರ್ಲೋ ಫಾಲ್ಸಿನ ಬೋರ್ಡ್ ಇನ್ಸ್‌ಪೆಕ್ಟರ್ ಮೇಲೆ. ಊರಿನ ನಿಯಮ ತಪ್ಪು ಅಂತ ವಾದ ಮಾಡಬೇಕಾದರೆ ಅದನ್ನು ಜಾರಿ ಮಾಡುವ ಅಧಿಕಾರಿಯ ಹೆಸರನ್ನು ಪ್ರತಿವಾದಿಯಾಗಿ ಬರೆಯುವುದು ಪದ್ಧತಿಯಂತೆ. ಆ ಅಧಿಕಾರಿ ನೀನಾಗಿರುವುದಕ್ಕೆ ನಾನು ಹೊಣೆಯೇ? ಪಟ್ಟಣಸಭೆಯಲ್ಲಿ ಯಾರು ಎದ್ದು ಹೊರಗೆ ಹೋಗುತ್ತಾರೋ ಅವರ ತಲೆಗೆ ಬೇಡದ ಹುದ್ದೆ ಕಟ್ಟುವುದು ನಮ್ಮೂರಿನ ಅಜ್ಜಂದಿರ ಕಾಲದ ಚೇಷ್ಟೆ. ಅದು ಗೊತ್ತಿದ್ದೂ ಹೋದ ವರ್ಷ ನೀನು ಪೈಪು ಸೇದಲು ಹೊರಗೆ ಹೋದೆ. ಒಳಗೆ ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಆ ಹುದ್ದೆಯನ್ನು ಅಟ್ಟದ ಮೇಲೆ ಹಾಕಿ ಮರೆಯುತ್ತಿದ್ದರು. ನೀನೋ, ನಿಯಮದ ಪುಸ್ತಕ ಓದಿದೆ. ವೆಂಡೆಲ್ ಸ್ಟಿಂಪ್ಸನ್ನನ ಕಬ್ಬಿಣದಂಗಡಿಯ ಗೋಡೆಯ ಮೇಲಿದ್ದ ದೊಡ್ಡ ಸುತ್ತಿಗೆಯ ಚಿತ್ರಕ್ಕೆ ಸುಣ್ಣ ಬಳಿಸಿದೆ. ಅಂಗಡಿಯವರು ತಾವು ಮಾರುವ ಸರಕಿನ ಚಿತ್ರ ಬರೆದರೆ ಅದು ಜಾಹೀರಾತು, ಜಾಹೀರಾತು ಬಾಗಿಲಿಗಿಂತ ದೊಡ್ಡದಿರಕೂಡದು, ಇದು ನಿಯಮ. ವೆಂಡೆಲ್ ಸುಮ್ಮನಿರುತ್ತಾನೆಯೇ? ಹಾಗಾದರೆ ನಿನ್ನ ಹೆಂಡತಿಯ ಗೋಡೆ ಏನು ಎಂದು ಅಂಚೆ ಕಚೇರಿಯಲ್ಲಿ ಎಲ್ಲರೆದುರು ಕೇಳಿದ.

ಕೇಳಿದ್ದು ನ್ಯಾಯವೇ, ಒಪ್ಪುತ್ತೇನೆ. ನನ್ನ ಗೋಡೆಯ ತುಂಬ ನಾನು ಮಾರುವ ಪೈಗಳು, ಹಿಟ್ಟಿನೊಳಗೆ ಹಣ್ಣು ತುಂಬಿ ಬೇಯಿಸಿದವು. ಬೆಟ್ಟಸಾಲಿನ ಹಾಗೆ ಸೇಬಿನ ಪೈ, ಬ್ಲೂಬೆರಿ ಪೈ, ಅವುಗಳ ಹಿಂದಿನಿಂದ ಏಳುವ ಸೂರ್ಯ. ಬರೆದವನು ನೀನೇ, ನಮ್ಮ ಮದುವೆಯ ದಿನದ ಉಡುಗೊರೆಯಾಗಿ, ಏಣಿ ಹತ್ತಿ, ಬೆನ್ನು ಹಿಡಿಸಿಕೊಂಡು. ಸಾಲಿನ ನಡುವೆ ಒಂದು ಪೈಯನ್ನು ಅಂಚು ಕಪ್ಪಾಗಿ ಸೀದ ಹಾಗೆ ಬರೆದಿದ್ದೆ. ನಾನು ಏಣಿಯ ಕೆಳಗೆ ನಿಂತು, ಎಲ್ಲ ಬಿಟ್ಟು ಅದನ್ನೇಕೆ ಹಾಕಿದೆ, ಗಿರಾಕಿಗಳು ಏನೆಂದುಕೊಳ್ಳುತ್ತಾರೆ ಎಂದು ಕೂಗಾಡಿದೆ. ನೀನು ಕುಂಚ ತೊಳೆಯುತ್ತ, "ಅದು ಅಂಗಡಿಗಲ್ಲ ಕಣೇ, ನಿಂಗೆ" ಅಂದೆ. ಅಷ್ಟೇ. ನಿನ್ನಿಂದ ಎರಡನೆಯ ವಾಕ್ಯ ಹೊರಡಿಸುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ.

ಅಂಥ ಗೋಡೆಗೆ ಡಿಸೆಂಬರಿನಲ್ಲಿ ನೀನೇ ನೋಟಿಸು ತಂದೆ. ಹಿಂಬಾಗಿಲಿನಿಂದ ದಿನಾ ಬರುವವನು ಅವತ್ತು ಮುಂಬಾಗಿಲಿಗೆ ಬಂದು, ಗಂಟೆ ಬಾರಿಸಿ, ನನ್ನನ್ನು ಮಿಸೆಸ್ ಪೆಲ್ಕಿ ಎಂದು ಕರೆದೆ. ಒಂದೋ ಬಣ್ಣ ಬಳಿಯಬೇಕು, ಇಲ್ಲವೇ ದಿನದಿನಕ್ಕೂ ದಂಡ. ಊರಿಗೆ ಉಪಕಾರಿ, ಮನೆಗೆ ಮಾರಿ. ಆ ಕೋಪದಲ್ಲಿ ನಾನು ಹೇಳಿದ ಮಾತು ನಿನಗೆ ನೆನಪಿರಬಹುದು: "ಈ ಮನೇಲಿ ಇನ್ಸ್‌ಪೆಕ್ಟರ್ ಇರ್ಲಿ, ಇಲ್ಲ ಗಂಡ ಇರ್ಲಿ. ಇಬ್ಬರಿಗೂ ಊಟ ಹಾಕೋಕೆ ನನ್ನಿಂದ ಆಗಲ್ಲ." ಯಾರು ಉಳಿಯಬೇಕು ಎಂದು ನೀನು ವಿಚಾರ ಮಾಡುತ್ತೀಯ ಅಂದುಕೊಂಡಿದ್ದೆ. ನೀನು ಮೀನಿನ ಗಾಳ ತೆಗೆದುಕೊಂಡು ಇಬ್ಬರನ್ನೂ ಕರೆದುಕೊಂಡು ಹೊರಟುಹೋದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನೀನು ಊಟಕ್ಕೇ ನಿಲ್ಲಲಿಲ್ಲವಲ್ಲ, ಜಗಳ ಮುಗಿಯುವುದು ಹೇಗೆ?

ಪೋರ್ಟ್‌ಲ್ಯಾಂಡಿನ ವಕೀಲೆ ಮಿಸ್ ಕಪ್ಲಾನ್ ದುಡ್ಡಿಲ್ಲದೆ ನನ್ನ ಪರ ನಿಂತಳು. ಚಿಕ್ಕ ಹುಡುಗಿ, ದೊಡ್ಡ ಬೂಟು, ಒಂದೇ ಸಲಕ್ಕೆ ಎರಡು ತುಂಡು ಪೈ ತಿನ್ನುವ ಹೊಟ್ಟೆ. ನನಗೆ ಅರ್ಥವಾಗುವ ಹಾಗೆ ಹೇಳಿದಳು. ವ್ಯಾಪಾರದ ಮಾತಿಗೂ ಸಂವಿಧಾನದ ಕೊಡೆ ಇದೆ, ಆದರೆ ಅದು ಸ್ವಲ್ಪ ಸಣ್ಣ ಕೊಡೆ. ಜಾಹೀರಾತಿನಲ್ಲಿ ಸುಳ್ಳು ಹೇಳಿದರೆ ಸರ್ಕಾರ ಕೊಡೆ ಕಿತ್ತುಕೊಳ್ಳಬಹುದು. ನಿಜ ಹೇಳುವವರನ್ನು ಮಳೆಗೆ ನೂಕಬೇಕಾದರೆ ಮಾತ್ರ ಗಟ್ಟಿ ಕಾರಣ ಬೇಕು, ಬೇಕಾದ್ದಕ್ಕಿಂತ ಹೆಚ್ಚು ಬಾಯಿ ಕಟ್ಟಲೂಬಾರದು. ಆಮೇಲೆ ಗೋಡೆ ನೋಡಿ, ಇದು ಜಾಹೀರಾತೇ ಅಲ್ಲ ಎಂದು ಮೊದಲು ವಾದ ಮಾಡೋಣ ಅಂದಳು. ಪ್ರಮಾಣ ಮಾಡಿ ನಿಂತಾಗ, ಇದು ಕಲೆ ಅಂತ ಒಂದೇ ಮಾತು ಹೇಳಿ ಕೂತುಬಿಡಬೇಕು ಎಂದು ನನಗೆ ಪಾಠ ಮಾಡಿದಳು.

ಅಷ್ಟರಲ್ಲಿ ಪತ್ರಿಕೆಯಲ್ಲಿ ಪೆಲ್ಕಿ ವಿರುದ್ಧ ಪೆಲ್ಕಿ ಎಂದು ಕೋರ್ಟಿನ ಸುದ್ದಿ ಬಂತು. ಮಾರನೆಯ ದಿನದಿಂದ ಊರಿನ ಹೆಂಗಸರು ಸಾವಿನ ಮನೆಗೆ ತರುವ ಹಾಗೆ ಮಕರೋನಿ, ಆಲೂಗಡ್ಡೆ, ಟ್ಯೂನಾ ಮೀನು ಎಲ್ಲ ಚೀಸ್ ಹಾಕಿ ಬೇಯಿಸಿ ತಂದು ನನ್ನ ಕೈ ಒತ್ತಿ ಒತ್ತಿ ಹೋದರು. ಮಿಸೆಸ್ ವಾರ್ನಿ ನನ್ನನ್ನು ಅಪ್ಪಿಕೊಂಡು, ಗಂಡಸರೆಲ್ಲ ಇಷ್ಟೇ ಎಂದು ತನ್ನ ಕಣ್ಣು ಒರೆಸಿಕೊಂಡಳು. ಅವಳ ಗಂಡ ಕ್ಲಿಫ್ಟನ್ ಊರಮಂಡಳಿಯ ಮುಖ್ಯಸ್ಥ, ಆ ನಿಯಮ ಬರೆದವನು, ಆದ್ದರಿಂದ ನನಗೆ ವಿಚಿತ್ರ ಅನ್ನಿಸಲಿಲ್ಲ. ಕೇಸಿನ ಬಗ್ಗೆ ಕನಿಕರ ಅಂದುಕೊಂಡು ತಿಂದೆ. ಈಗ ಅರ್ಥವಾಗುತ್ತಿದೆ. ನನಗೆ ಡೈವೋರ್ಸ್ ಆಗುತ್ತಿದೆ ಎಂದು ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಫೆಬ್ರವರಿ ಕೊನೆಗೆ ಬ್ಯಾಂಗೊರ್‌ನಲ್ಲಿ ವಿಚಾರಣೆ. ನೀನು ಬರುತ್ತೀಯ ಎಂದು ನೀಲಿ ಉಡುಪು ಹಾಕಿಕೊಂಡು ಹೋಗಿದ್ದೆ. ಕೋರ್ಟಿನ ಬಾಗಿಲ ಸಪ್ಪಳವಾದಾಗಲೆಲ್ಲ ತಿರುಗಿ ನೋಡಿದೆ. ಒಮ್ಮೆ ಹೀಟರ್ ರಿಪೇರಿಯವನು ಬಂದ.

ಕ್ಲಿಫ್ಟನ್ ಸಾಕ್ಷಿ ಹೇಳಿದ. ಬೆಟ್ಟದ ಚಿತ್ರವಾಗಿದ್ದರೆ ಅಡ್ಡಿಯಿಲ್ಲ, ಪೈ ನೋಡಿದರೆ ಗಾಡಿ ಓಡಿಸುವವರ ಗಮನ ಕೆಡುತ್ತದೆ ಅಂದ. ಬೆಟ್ಟ ನೋಡಿದರೆ ಕೆಡುವುದಿಲ್ಲವೇ ಎಂದು ಮಿಸ್ ಕಪ್ಲಾನ್ ಕೇಳಿದಳು. ಬೆಟ್ಟ ನೋಡಿದರೆ ಹಸಿವಾಗಲ್ಲವಲ್ಲ ಅಂದ. ಇದೇ ಪೈಗಳನ್ನು ಚರ್ಚಿನ ಗೋಡೆಗೆ ಬರೆದಿದ್ದರೆ ಎಂದು ಅವಳು ಕೇಳಿದ್ದಕ್ಕೆ, ಅದು ಕಲೆ, ಪಾದ್ರಿಗಳು ಪೈ ಮಾರೋದಿಲ್ಲ ಅಂದ. ಆಗಲೇ ನ್ಯಾಯಾಧೀಶರು ಗಲ್ಲ ಉಜ್ಜಿಕೊಳ್ಳತೊಡಗಿದ್ದರು.

ನನ್ನ ಸರದಿ ಬಂತು. ಮುದುಕ ನ್ಯಾಯಾಧೀಶರು ಗೋಡೆಯ ಫೋಟೋ ಕಣ್ಣಿನ ಹತ್ತಿರ ಹಿಡಿದುಕೊಂಡು ತಾವೇ ಕೇಳಿದರು, ನಡುವೆ ಕಪ್ಪಗಿರುವುದು ಏನು, ಅದು ಯಾವ ಬಗೆಯ ಪೈ ಎಂದು. ಇದು ಕಲೆ ಎನ್ನಬೇಕಿತ್ತು. ಅಂದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಬೈಬಲ್ ಮೇಲೆ ಕೈ ಇಟ್ಟಿದ್ದೆ, ಬಾಗಿಲಿನಿಂದ ನೀನು ಬಂದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಅದು ಸೀದು ಹೋದ ಪೈ, ಸ್ವಾಮಿ. ಚರ್ಚಿನ ಊಟದ ದಿನ ನಾನು ಮೊದಲ್ನೇ ಸಲ ಮಾಡಿದ್ದು. ಯಾರೂ ಮುಟ್ಟಲಿಲ್ಲ. ಒಬ್ಬ ಹುಡುಗ ಪೂರ್ತಿ ತಿಂದು ಇನ್ನೂ ಇದೆಯಾ ಅಂತ ಕೇಳ್ದ. ಅವನೇ ಈ ಚಿತ್ರ ಬರೆದಿದ್ದು. ಸೀದಿದ್ದನ್ನ ಗೋಡೆ ಮೇಲೆ ಬರೆದು ಯಾರಾದ್ರೂ ವ್ಯಾಪಾರ ಮಾಡ್ತಾರಾ?"

ಕೋರ್ಟು ನಕ್ಕಿತು, ನ್ಯಾಯಾಧೀಶರೂ ನಕ್ಕರು. ನಾನು ಮಾತ್ರ ಅತ್ತೆ. ನಮ್ಮಿಬ್ಬರ ನಡುವೆ ಇದ್ದದ್ದನ್ನು ಊರಿಗೆಲ್ಲ ಹಂಚಿದಂತಾಯಿತು ಎಂದು ನಾಚಿಕೆಯೂ ಆಯಿತು. ನೀನೊಬ್ಬ ಕೇಳಬೇಕಿತ್ತು, ನೀನೊಬ್ಬನೇ ಕೇಳಲಿಲ್ಲ.

ಮುಂದಿನ ವಾರ ಆದೇಶ ಬಂತು. ಬೋರ್ಡು ಎಷ್ಟು ದೊಡ್ಡದಿರಬೇಕು, ದೀಪ ಎಷ್ಟು ಉರಿಯಬೇಕು ಎಂದು ಊರು ಎಲ್ಲರಿಗೂ ಒಂದೇ ಅಳತೆ ಹಾಕಬಹುದು. ಆದರೆ ಬೆಟ್ಟಕ್ಕೆ ಒಂದು ನ್ಯಾಯ, ಪೈಗೆ ಒಂದು ನ್ಯಾಯ ಎಂದು ಚಿತ್ರದಲ್ಲಿ ಏನಿದೆ ಎಂಬುದನ್ನು ನೋಡಿ ಶಿಕ್ಷಿಸುವಂತಿಲ್ಲ, ಅದಕ್ಕೆ ಊರು ಗಟ್ಟಿ ಕಾರಣ ಕೊಟ್ಟಿಲ್ಲ. ಗೋಡೆ ಉಳಿಯಿತು, ದಂಡ ಹೋಯಿತು. ವೆಂಡೆಲ್ ಮಾರನೆಯ ದಿನವೇ ಏಣಿ ಹಾಕಿ ತನ್ನ ಸುತ್ತಿಗೆ ಮತ್ತೆ ಬರೆಯತೊಡಗಿದ. ಅವನಿಗೆ ಚಿತ್ರ ಬರುವುದಿಲ್ಲ. ಸದ್ಯಕ್ಕೆ ಅದು ಕೋಳಿಯ ಕಾಲಿನ ಹಾಗಿದೆ. ನೀನು ಬಂದು ತಿದ್ದಿಕೊಡಬೇಕು ಎಂದು ದಿನಾ ಕೇಳುತ್ತಾನೆ.

ಮೊನ್ನೆ ಶನಿವಾರದ ಪಟ್ಟಣಸಭೆಗೂ ನೀನು ಬರಲಿಲ್ಲ. ಯಾಕೆ ಅಂತ ಈಗ ಗೊತ್ತು, ಬಿಟ್ಟುಬಿಟ್ಟಿದ್ದೇನೆ. ಗೆದ್ದ ಮೇಲೆ ಖುಷಿಯಾಗಬೇಕಿತ್ತು, ಆಯಿತು ಕೂಡ, ಒಂದು ಮಧ್ಯಾಹ್ನ. ಸಂಜೆ ಅಂಗಡಿ ಮುಚ್ಚಿ ಗೋಡೆಯ ಮುಂದೆ ನಿಂತರೆ ಸೀದ ಪೈ ನನ್ನನ್ನೇ ನೋಡುತ್ತಿತ್ತು. ನಿಯಮ ಎಲ್ಲರಿಗೂ ಒಂದೇ ಎಂದು ನೀನು ಹೆಂಡತಿಗೂ ನೋಟಿಸು ಕೊಟ್ಟೆ, ನಿಯಮವೇ ಸರಿಯಿಲ್ಲ ಎಂದು ನಾನು ಕೋರ್ಟಿಗೆ ಹೋದೆ. ಇಬ್ಬರೂ ಸರಿಯಾಗಿದ್ದೆವು, ರೊಸೇರ್. ಸರಿಯಾಗಿದ್ದುಕೊಂಡೇ ಇಡೀ ಚಳಿಗಾಲ ಹಾಳು ಮಾಡಿಕೊಂಡೆವು.

ಬಟ್ಟೆಯ ಗಂಟು ಕಳಿಸುವುದಿಲ್ಲ. ಲೂಸಿಯನ್‌ಗೆ ಹಾಗೇ ಹೇಳಿ, ಈ ಪತ್ರ ಮಾತ್ರ ಕೈಗೆ ಕೊಡುತ್ತಿದ್ದೇನೆ. ಇದನ್ನಾದರೂ ಕೊನೆಯ ಹಾಳೆಯ ತನಕ ಓದು.

ಯಾವ ಕೋರ್ಟಿನಲ್ಲೂ ನಿನ್ನ ಹೆಂಡತಿಯೇ ಆಗಿರುವ,
ಅರೋರ್

ತಾ.ಕ.: ಸಭೆಯ ಸುದ್ದಿ ಒಂದು ಬಾಕಿ ಇದೆ. ಸಭೆಯ ಊಟಕ್ಕೆ ಇಟ್ಟಿದ್ದ ಕಾಳಿನ ಮಡಕೆ ತಳ ಹಿಡಿಯುತ್ತಿದೆ ಎಂದು ನಾನು ಅಡುಗೆಕೋಣೆಗೆ ಎದ್ದು ಹೋದೆ. ವಾಪಸು ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಿನ್ನ ಹುದ್ದೆಗೆ ನನ್ನ ಹೆಸರು ಸೂಚಿಸಿದವನು ವೆಂಡೆಲ್. ನಾನೂ ನಿಯಮದ ಪುಸ್ತಕ ಓದಿದೆ. ನಿನ್ನ ಗುಡಿಸಲಿನ ಎರೆಮೀನು ಮಾರಾಟದ ಬೋರ್ಡಿನ ಮೂಲೆಯಲ್ಲಿ ನೀನು ಒಂದು ಸೀದ ಪೈ ಬರೆದಿದ್ದೀಯ ಎಂದು ಲೂಸಿಯನ್ ಬಾಯಿ ಬಿಟ್ಟಿದ್ದಾನೆ. ಅಲ್ಲಿ ಪೈ ಮಾರುವುದಿಲ್ಲ, ಹಾಗಾದರೆ ಅದು ಜಾಹೀರಾತೋ ಏನು ಎಂದು ಖುದ್ದಾಗಿ ತನಿಖೆ ಮಾಡಲು ಭಾನುವಾರ ಬರುತ್ತಿದ್ದೇನೆ. ಹೇಗೂ ಮಂಜುಗಡ್ಡೆ ಕರಗುವ ಮೊದಲು, ಮಾರ್ಚ್ ಮುಗಿಯುವುದರೊಳಗೆ, ಗುಡಿಸಲುಗಳು ಕೆರೆಯಿಂದ ಏಳಲೇಬೇಕು. ಬರುವಾಗ ಒಂದು ಪೈ ತರುತ್ತೇನೆ, ಬೇಕೆಂದೇ ಒಂದು ಕಡೆ ಸೀಯಿಸಿ. ಈ ಮನೆಯಲ್ಲಿ ಈಗ ಇನ್ಸ್‌ಪೆಕ್ಟರ್ ಇದ್ದಾಳೆ. ಗಂಡನ ಜಾಗ ಖಾಲಿ ಇದೆ.