ಅಪ್ಪನ ಅಂಗಿ ಇದ್ದ ಕವಂದಿ

ಹೌಗಾಂಗ್, ಸಿಂಗಪುರ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಆಯಿಗೆ,

ಹಳೆ ಬಟ್ಟೆ ತುಂಡುಗಳನ್ನು ಸೇರಿಸಿ ನೀನು ಹೊಲಿದುಕೊಟ್ಟ ಕವಂದಿಯ ಮೇಲೆ ನಾನು ಇಲ್ಲಿ ಒಂದು ದಿನವೂ ಮಲಗಿಲ್ಲ. ಫೋನ್ ಮಾಡಿದಾಗಲೆಲ್ಲ ನೀನು ‘ಕವಂದಿ ಹಾಸ್ಕಳ್ತೀಯೇನೇ?’ ಎಂದು ಕೇಳುತ್ತಿದ್ದೆ. ನಾನು ‘ಹೂಂ ಆಯಿ’ ಎನ್ನುತ್ತಿದ್ದೆ. ಅದು ಸುಳ್ಳು.

ಮೊದಲು ನಮಸ್ಕಾರ ಹೇಳಬೇಕಿತ್ತು. ನೀನು, ಸುಮಂಗಲಾ, ಅವಳ ಮಗು ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಹೆರಿಗೆಯ ಸುದ್ದಿ ಬಂದಮೇಲೆ ನಾನು ಫೋನೇ ಎತ್ತಲಿಲ್ಲ, ತಪ್ಪಾಯಿತು. ‘ತಂಗಿ ಮಗೂನ ತೊಟ್ಟಿಲಿಗೆ ಹಾಕೋ ದಿನ ನಿನ್ನ ಕವಂದಿ ತಕಂಡ್ ಬಾ, ಅದ್ರಲ್ಲಿ ಅದರ ಅಜ್ಜನ ಅಂಗಿ ಉಂಟು’ ಎಂದು ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮತ್ತೆ ಮತ್ತೆ ಕೇಳಿದ್ದೇನೆ. ಮಾತಿಗೆ ಸಿಕ್ಕರೆ ಇದಕ್ಕೂ ‘ಹೂಂ ಆಯಿ’ ಎಂದುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಈ ಹಾಳೆಗಳ ಫೋಟೋ ಸುಮಂಗಲಾಳ ಫೋನಿಗೆ ಬರುತ್ತದೆ. ಅವಳು ಓದಿ ಹೇಳಲಿ, ನಡುವೆ ಏನನ್ನೂ ಬಿಡದೆ.

ಕವಂದಿ ಹಾಳಾಯಿತು ಆಯಿ. ಈಗ ಇಲ್ಲ.

ಇಲ್ಲಿ ಎಲ್ಲರೂ ನನ್ನನ್ನು ಕೇಳುವುದು ಆಫ್ರಿಕಾದಲ್ಲಿ ಯಾವ ದೇಶ ಎಂದು. ಮಾರ್ಕೆಟಿನಲ್ಲಿ ಮೀನು ಮಾರುವ ಅಂಕಲ್ ಕೇಳಿದರೆ ನನಗೆ ಬೇಸರವಿಲ್ಲ. ನಮ್ಮ ಕಡೆಯವರೇ ಕೇಳಿದಾಗ ಮೈ ಉರಿಯುತ್ತದೆ. ಹೋದ ವರ್ಷ ಗಣಪತಿ ಹಬ್ಬಕ್ಕೆ ನಾನು ಮನೆಗೆಲಸಕ್ಕಿರುವ ಶ್ರೀವಿದ್ಯಾ ಮೇಡಂ ಮನೆಗೆ ಅವರ ಆಫೀಸಿನವರೆಲ್ಲ ಬಂದಿದ್ದರು. ನಾನು ಕಾಫಿ ಕೊಡುತ್ತಿದ್ದೆ. ಹಂಸಾ ಆಂಟಿ ಎನ್ನುವವರು ನನ್ನನ್ನು ನೋಡಿ, ‘ಶ್ರೀ, ಇವಳಿಗೆ ಕನ್ನಡ ಯಾರೇ ಕಲ್ಸಿದ್ದು? ಎಷ್ಟು ಫ್ಲೂಯೆಂಟಾಗಿ ಮಾತಾಡ್ತಾಳೆ!’ ಅಂದರು.

‘ನಾನು ಯಲ್ಲಾಪುರದವಳು ಆಂಟಿ. ಸಿದ್ದಿ.’

‘ಯಲ್ಲಾಪುರನಾ? ಹಂಗಾದ್ರೆ ಬಿಸಿಲಲ್ಲಿ ಜಾಸ್ತಿ ನಿಂತ್ಬಿಟ್ಟಿದೀಯ ಬಿಡು.’

ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ, ಸುಮ್ಮನಿರು ಎಂದು ಹೇಳಲೂ ಇಲ್ಲ. ಅದೇ ಹೊತ್ತಿಗೆ ಅವರ ಮಗಳು ರಿಯಾ ನನ್ನ ಚೀಲದಿಂದ ಕವಂದಿ ಎಳೆದು ತಂದು, ಹೆಗಲಿಗೆ ಹೊದ್ದು, ಸೋಫಾ ಹತ್ತಿ ನಿಂತಳು. ‘ಲುಕ್ ಲಾ, ಐ ಆ್ಯಮ್ ಕ್ವೀನ್!’ ಹಂಸಾ ಆಂಟಿ ಅದರ ಅಂಚನ್ನು ಎರಡು ಬೆರಳಲ್ಲಿ ಎತ್ತಿದರು. ‘ಅಯ್ಯೋ, ಏನಿದು ಚಿಂದಿ? ಯಾರದೇ ಇದು?’

ನಾನು ‘ನೆಲ ಒರೆಸೋಕೆ ತಂದಿದ್ದು ಆಂಟಿ’ ಅಂದೆ.

‘ನೋ, ಸುಳ್ಳು. ಅಕ್ಕ ಅದನ್ನ ಡ್ರೆಸ್ ಒಳಗೆ ಸುತ್ತಿ ಇಡ್ತಾಳೆ’ ಎಂದಳು ರಿಯಾ. ಮಗುವಿನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಶಾಲೆ ಬಿಟ್ಟದ್ದು ನಿನಗೆ ನೆನಪಿದೆಯಲ್ಲ. ದೊಡ್ಡ ಅತಿಥಿಗಳು ಬರುತ್ತಾರೆಂದು ನಮಗೆ ಸೊಪ್ಪು, ಗರಿ ಕಟ್ಟಿ ಕುಣಿಸಲು ನಿಲ್ಲಿಸಿದಾಗ, ‘ನಮ್ಮ ಮನೇಲಿ ಯಾರೂ ಸೊಪ್ಪು ಉಡೋದಿಲ್ಲ, ಸೀರೆ ಉಡ್ತಾರೆ’ ಎಂದು ಮೈಕಿನಲ್ಲೇ ಹೇಳಿ ಮನೆಗೆ ಬಂದವಳು ನಾನು. ಮತ್ತೆ ಆ ಕಡೆ ಹೋಗಲಿಲ್ಲ. ನೀನು ಬೈದೆ, ಆಮೇಲೆ ಒಳಗೆ ಹೋಗಿ ನಕ್ಕೆ. ಆ ಹುಡುಗಿ ಹಬ್ಬದ ದಿನ ಮೇಡಂ ಮನೆಯ ಪಡಸಾಲೆಯಲ್ಲಿ ಎಲ್ಲಿ ಹೋಗಿದ್ದಳೋ ಗೊತ್ತಿಲ್ಲ.

ಕಳೆದ ತಿಂಗಳು ಮೇಡಂ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋದರು. ಆಫ್ರಿಕಾದಿಂದ ಬೇರೆ ಬೇರೆ ದೇಶಗಳಿಗೆ ಹೋದವರ, ಒಯ್ಯಲ್ಪಟ್ಟವರ ಬಟ್ಟೆಗಳು. ಅಮೆರಿಕದ ಕರಿಯ ಹೆಂಗಸರು ಹಳೆಯ ಪ್ಯಾಂಟುಗಳನ್ನು ಸೇರಿಸಿ ಹೊಲಿದ ಹೊದಿಕೆಯ ಪಕ್ಕದಲ್ಲೇ ಗೋಡೆಯ ಮೇಲೆ ಒಂದು ಕವಂದಿ ಇತ್ತು. ಕೆಳಗೆ ನಮ್ಮ ತಾಲ್ಲೂಕಿನ ಹೆಸರು. ವಿವರಿಸುತ್ತಿದ್ದವಳು ಘಾನಾ ದೇಶದ ಅಬೆನಾ, ತಲೆಗೆ ಕಿತ್ತಳೆ ಬಣ್ಣದ ಬಟ್ಟೆ ಸುತ್ತಿದ್ದಳು. ನಾಲ್ಕು ಮೂಲೆಗೆ ಮಡಿಸಿ ಹೊಲಿದ ತುಂಡುಗಳನ್ನು ತೋರಿಸಿ, ‘ಇದಕ್ಕೆ ಫುಲ ಎನ್ನುತ್ತಾರೆ, ಹೂವು. ಇದಿಲ್ಲದ ಕವಂದಿ ಬೆತ್ತಲೆ ಇದ್ದಂತೆ’ ಎಂದಳು. ನೀನು ಹೇಳುವ ಮಾತೇ, ಇಂಗ್ಲಿಷಿನಲ್ಲಿ. ನನಗೆ ತಡೆಯಲಾಗಲಿಲ್ಲ. ‘ನನ್ನ ತಾಯಿ ಹೊಲಿಯುತ್ತಾಳೆ’ ಅಂದೆ.

ಅವಳು ಬಂದು ನನ್ನ ಕೈ ಹಿಡಿದುಕೊಂಡಳು. ಯಾವ ದೇಶ ಎಂದು ಕೇಳಲಿಲ್ಲ. ನಿನ್ನ ಹೆಸರು ಕೇಳಿದಳು. ‘ನಿನ್ನ ಹತ್ತಿರ ಒಂದಿದ್ದರೆ ತಾ. ಪಕ್ಕದಲ್ಲಿ ತೂಗುಹಾಕಿ ನಿನ್ನ ತಾಯಿಯ ಹೆಸರು ಬರೆಯೋಣ.’

ಮೇಡಂ ಗೋಡೆ ನೋಡಿದರು, ನನ್ನನ್ನು ನೋಡಿದರು. ‘ಜಯಾ, ಅವತ್ತಿನ ಅದು... ಇದೇ ಏನೇ?’ ನಾನು ಹೌದು ಅಂದೆ. ಎಂಆರ್‌ಟಿ ರೈಲಿನಲ್ಲಿ ಮನೆಗೆ ಹೊರಟೆವು. ಇಳಿಯುವಾಗ ‘ಒಂದು ಮಾತು ಹೇಳ್ಬಾರ್ದಿತ್ತಾ?’ ಅಂದರು. ಹೇಳಬಹುದಿತ್ತು.

ಕೆಲಸ ಬಿಟ್ಟಿದ್ದೇನೆ. ಅವರು ಬೇಡ ಅಂದರು, ರಿಯಾ ಅತ್ತಳು. ಈ ಮನೆಯ ನೆಲ ನನ್ನಿಂದ ಇನ್ನು ಒರೆಸಲಾಗುವುದಿಲ್ಲ. ಸುಮಂಗಲಾಳ ಮಗುವಿಗೆ ಒಳ್ಳೆಯದಾಗಲಿ, ಅದಕ್ಕೆ ನನ್ನ ನಾಲಿಗೆ ಬಾರದಿರಲಿ. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ.

ನಿನ್ನ ಮಗಳು,
ಜಯಾ

ಹೆಸರು ಬರೆದ ಮೇಲೆ ಬರೆಯುತ್ತಿರುವುದು: ಹಾಳಾಯಿತು ಎಂದು ಮೇಲೆ ಬರೆದಿದ್ದೇನೆ, ಅದು ಪೂರ್ತಿ ನಿಜವಲ್ಲ. ಅವತ್ತು ಹಬ್ಬಕ್ಕೆ ಬಂದವರೆಲ್ಲ ಹೋದಮೇಲೆ ಮೇಡಂ ಕತ್ತರಿ ಕೊಟ್ಟು, ‘ಒರೆಸೋಕೆ ಇಷ್ಟು ದೊಡ್ಡದು ಹಿಡಿಯೋಕಾಗಲ್ಲ, ಕಟ್ ಮಾಡ್ಕೋ’ ಅಂದರು. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆಡಿದ ಸುಳ್ಳು ಬಯಲಾಗುತ್ತದೆಂದು ಕತ್ತರಿಸಿದೆ. ಮೊದಲು ಫುಲಗಳನ್ನು ಕಿತ್ತೆ. ನಿನ್ನ ಹೊಲಿಗೆ ಬೇಗ ಬಿಡಲಿಲ್ಲ. ಅಪ್ಪನ ನೀಲಿ ಗೆರೆಯ ಅಂಗಿಯಿದ್ದ ತುಂಡಿನಿಂದ ಅಡುಗೆಮನೆ ಒರೆಸಿದೆ, ಅದು ಹರಿದುಹೋಗುವ ತನಕ. ತೊಟ್ಟಿಲಿಗೆ ಹಾಸಲು ನನ್ನ ಹತ್ತಿರ ಏನೂ ಇಲ್ಲ. ನಾಳೆ ಬೆಳಗಿನ ವಿಮಾನಕ್ಕೆ ಊರಿಗೆ ಹೊರಡುತ್ತೇನೆ.