ಗಾಳಿ ಮೊದಲು ಹೋದರೆ

ಕಡಲಿಂದ ಬಂದವನೇ ಬೂಟು ಕಳಚದೆ ನನ್ನ ಹೆಸರು ಕೂಗುತ್ತಿದ್ದ ಅಪ್ಪನಿಗೆ,

ಕಾಲೇಜು ಬಿಡುವ ಅರ್ಜಿ ಬರೆದು ಬ್ಯಾಗಿನಲ್ಲಿಟ್ಟುಕೊಂಡು ನಮ್ಮೂರು ಹಂಗಳಕ್ಕೆ ಬಂದಿದ್ದೇನೆ. ಅವ್ವನಿಗೆ ಹೇಳಿಲ್ಲ. ನಿನಗೇ ಮೊದಲು.

ಚೆಂಡುಹೂವಿಗೆ ಔಷಧಿ ಹೊಡೆದ ಆ ಬೆಳಗ್ಗೆ ನೆನಪಿದೆಯಾ? ನಾನು ಚಾಮರಾಜನಗರದ ಹಾಸ್ಟೆಲ್ಲಿನಿಂದ ರಜೆಗೆ ಬಂದಿದ್ದೆ, ನೀನು ಸಮುದ್ರದ ಎಣ್ಣೆಬಾವಿ ಕೆಲಸದಿಂದ. ಗಾಳಿ ಹೊಡೆದು ಬಿಗಿ ಮಾಡಿದ್ದ ಔಷಧಿ ಟ್ಯಾಂಕನ್ನು ನಾನು ಹಟ ಮಾಡಿ ಹೆಗಲಿಗೇರಿಸಿಕೊಂಡು, ಪೂರಾ ಬಾಗಿ ಪೈಪಿನ ಗುಂಡಿ ಒತ್ತಿದೆ. ಔಷಧಿ ಒಂದು ಕಡೆ ಸರಿದು ಒಳಗಿನ ಪೈಪಿಗೆ ಸಿಗಲಿಲ್ಲ. ಬರೀ ಗಾಳಿ ಬುಸ್ಸೆಂದು ಹೋಯಿತು. ಔಷಧಿ ಒಳಗೇ ನಿಂತಿತು.

"ಗಾಳಿನೆಲ್ಲ ಬುಟ್ಬುಟ್ಟೆ ಕಣಮ್ಮಿ," ಅಂತ ನಕ್ಕೆ ನೀನು. "ಮ್ಯಾಲಿರೋ ಗಾಳಿ ತಾನೆ ಔಸ್ದಿ ತಳ್ಳದು? ನಮ್ ಬಾವಿನೂ ಇಂಗೇಯ. ಎಣ್ಣೆ ಮ್ಯಾಲೆ ಗ್ಯಾಸ್ ಕುಂತದೆ. ಅವಸ್ರ ಬಿದ್ದು ಎಳುದ್ರೆ ಗ್ಯಾಸ್ ಮೊದ್ಲು ಓಡೋಯ್ತದೆ, ಎಣ್ಣೆ ಅಲ್ಲೇ."

"ಮತ್ತೆ ಗಾಳಿ ಹೊಡೆದ್ರೆ?"

"ಅದೇ ಕಣಮ್ಮಿ. ವಯಸ್ಸಾದ ಬಾವಿಗೆ ಗ್ಯಾಸ್ ವಾಪಸ್ ತುಂಬ್ಬೇಕು, ನಿಧಾನಕ್ಕೆ ಎಳೀಬೇಕು. ಯಾರ್ಗದೆ ತಾಳ್ಮೆ?"

ಹೋದ ವಾರ ಕ್ಲಾಸಿನಲ್ಲಿ ಸರ್ ಅದನ್ನೇ ಬೋರ್ಡಿನ ಮೇಲೆ ಬರೆದರು. ಕಡಲಡಿಯ ಹಳೇ ನಿಕ್ಷೇಪ, ಮೇಲೆ ಗ್ಯಾಸು, ಕೆಳಗೆ ಎಣ್ಣೆ. ಇನ್ನಷ್ಟು ಎಣ್ಣೆ ತೆಗೆಯುವುದು ಹೇಗೆ ಅಂತ ನನ್ನನ್ನೇ ಎಬ್ಬಿಸಿದರು. ನನಗೆ ಗೊತ್ತಿತ್ತು ಅಪ್ಪ. ಆದರೆ ಗೊತ್ತಿದ್ದದ್ದು ನಿನ್ನ ಮಾತಲ್ಲಿ. ಅದನ್ನು ಇಂಗ್ಲಿಷಿಗೆ ತರೋಕೆ ಹೋಗಿ ತಡವರಿಸಿ, ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಫಸ್ಟ್ ಟೇಕ್ ಔಟ್ ದ ಗ್ಯಾಸ್, ಸರ್."

"ಆಮೇಲೆ ಎಣ್ಣೆನ ನಿಮ್ಮಪ್ಪ ಬಂದು ತಳ್ತಾರಾ?" ಅಂದರು ಸರ್.

ಎಲ್ಲರೂ ನಕ್ಕರು. ನೀನು ಹೋಗಿ ಎರಡು ತಿಂಗಳಾಗಿತ್ತು ಅಂತ ಅವರಿಗೇನು ಗೊತ್ತು. ನಾನೂ ನಕ್ಕೆ ಅಪ್ಪ. ಅದೊಂದು ನನಗೆ...

ರಜೆಗೆ ಊರಿಗೆ ಬಂದಿದ್ದ ನಿನ್ನ ಕೊನೇ ಫೋನ್ ಬಂದಾಗ ನಾನು ಮೆಸ್ಸಿನ ಸಾಲಿನಲ್ಲಿದ್ದೆ. "ಉಂಡ್ಯಾ? ಪಾಠ ಅರ್ಥ ಆಯ್ತದಾ?" ಅಂದೆ ನೀನು. "ಫೈನ್ ಅಪ್ಪ, ಆಮೇಲೆ ಮಾಡ್ತೀನಿ," ಅಂತ ನಾನು ಕಟ್ ಮಾಡಿದೆ. ಒಂದಕ್ಷರ ಅರ್ಥವಾಗುತ್ತಿಲ್ಲ ಅಂತ ಅವತ್ತೇ ಹೇಳಿದ್ದರೆ? ಮಾರನೇ ದಿನ ಗುಂಡ್ಲುಪೇಟೆ ಆಸ್ಪತ್ರೆ ಮುಟ್ಟುವ ಮೊದಲೇ ನೀನು... ನಿನ್ನನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು ಮಣ್ಣಿಗಿಳಿಸುವಾಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಆ "ಫೈನ್" ಒಂದೇ.

ಇವತ್ತು ಮಧ್ಯಾಹ್ನ ನಿನ್ನ ಜೊತೆ ಕೆಲಸಕ್ಕಿದ್ದ ಮಲಯಾಳಿ ಅಣ್ಣ ಫೋನ್ ಮಾಡಿದ್ದರು. ನಿಮ್ಮ ಬಾವಿ ಮುಚ್ಚುತ್ತಾರಂತೆ. ಗ್ಯಾಸೆಲ್ಲ ಖಾಲಿ, ಎಣ್ಣೆ ತಳದಲ್ಲೇ ಇದೆಯಂತೆ.

"ಎಣ್ಣೆ ಇದ್ರೂ ಮುಚ್ಚದಾ?" ಅಂದಳು ಅವ್ವ.

ಅದೇ ಔಷಧಿ ಟ್ಯಾಂಕಿಗೆ ನೀರು ತುಂಬಿ, ಗಾಳಿ ಹೊಡೆದು, ಬಾಗಿಸಿ ಗುಂಡಿ ಒತ್ತಿ ತೋರಿಸಿದೆ. ಬುಸ್ಸೆಂದು ಗಾಳಿ ಹೋಯಿತು. ನೀನು ಹೇಳಿದ್ದನ್ನೆಲ್ಲ ನಿನ್ನ ಮಾತಲ್ಲೇ ಹೇಳಿದೆ, ಒಮ್ಮೆಯೂ ತಡವರಿಸಲಿಲ್ಲ. ಅವ್ವ ಟ್ಯಾಂಕನ್ನು ಅಲ್ಲಾಡಿಸಿ, ಕಿವಿಗೊಟ್ಟು, "ಇನ್ನೂ ಅದೆ ಕಣಮ್ಮಿ," ಅಂದು ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ನಾಳೆ ಬಸ್ಸು ಹತ್ತುತ್ತೇನೆ. ಅರ್ಜಿ ಕೊಡುತ್ತೇನೋ ಏನೋ, ಅಲ್ಲೇ ಉಳಿಯುವ ಧೈರ್ಯವಂತೂ ಇಲ್ಲ. ಕೊಡುವುದಾದರೂ, ಮೊದಲು ಸರ್ ಮುಂದೆ ನಿಂತು ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಕನ್ನಡದಲ್ಲೇ. ನಗುವವರು ನಗಲಿ.

ನಿನ್ನ ಮಗಳು