ಖಾಲಿ ಬಿಟ್ಟ ಎಂಟನೆಯ ಪಾಲು

ಬಂಡೆಯೂರು
ಗೋಪುರ ವರ್ಷ ೪೧೨, ಹದಿಮೂರನೆಯ ತಿಂಗಳ ಮೂವತ್ತೊಂಬತ್ತನೆಯ ದಿನ

ಗೋಪುರ ಕಟ್ಟಿದ ಹಿರಿಯರಿಗೆ ತಂತಿಮನೆಯ ತಿಪ್ಪಕ್ಕ ಮಾಡುವ ನಮಸ್ಕಾರಗಳು.

ಈ ದಿನಾಂಕ ನಿಮಗೆ ಹುಚ್ಚಿನಂತೆ ಕಾಣಬಹುದು, ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಎಂದೋ ತೀರಿಕೊಂಡವರಿಗೆ ಕಾಗದ ಬರೆಯುವುದು ನಮ್ಮೂರ ಪದ್ಧತಿ. ಗೋಪುರವನ್ನು ಮುಟ್ಟಿ ಕೆಡಿಸಿದವರು ತಮ್ಮ ತಪ್ಪನ್ನು ಅದನ್ನು ಕಟ್ಟಿದವರಿಗೇ ಬರೆದು ಒಪ್ಪಿಸಬೇಕು. ಸಭೆಯ ಹಿರಿಯರು ನಿಮ್ಮ ಪರವಾಗಿ ಅದನ್ನು ಗಟ್ಟಿಯಾಗಿ ಓದುತ್ತಾರೆ. ಬಾಯಿಮಾತಿಗೆ ಬೆಲೆಯಿಲ್ಲ. ಮೊದಲು ದಿನಾಂಕ, ಆಮೇಲೆ ಕ್ಷಮೆ, ಆಮೇಲೆ ಊರಿನ ವಿವರ, ಕೊನೆಗೆ ತಪ್ಪು. ಈ ಕ್ರಮ ಬಿಟ್ಟರೆ ಕಾಗದವನ್ನು ಮುಟ್ಟುವುದೇ ಇಲ್ಲ. ಮುಚ್ಚಿದ ಬಾಗಿಲಿನ ಒಳಗೆ ನನ್ನ ತಂಗಿಗೆ ಉಸಿರು ಕಟ್ಟುತ್ತಿದೆ, ಹೊರಗೆ ನಾನು ಕ್ರಮ ಪಾಲಿಸುತ್ತ ಕೂತಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟಿದ್ದರೆ ಅದಕ್ಕೂ ಕ್ಷಮೆಯಿರಲಿ.

ಊರಿನ ವಿವರ. ಮೇಲಿನ ಬಿಸಿಲು ತಡೆಯಲಾರದೆ ನಾವು ಬಂಡೆಯ ಕೆಳಗೆ ಒಂಬತ್ತು ಓಣಿಗಳಲ್ಲಿ ಬದುಕುತ್ತೇವೆ. ಜೋಳ ದೀಪದ ಬೆಳಕಿನಲ್ಲೇ ಬೆಳೆಯುತ್ತದೆ, ರೊಟ್ಟಿ ಸ್ವಲ್ಪ ಕಹಿ. ಪ್ರತಿ ಓಣಿಗೂ ಒಂದು ಉಸಿರುಗಂಡಿ, ಎಂದರೆ ಗಾಳಿ ಬರುವ ಕೊಳವೆ, ಇದೆ. ಬೆಳಗಿನ ಊಟಕ್ಕೆ ಮೊದಲು ಅದನ್ನು ಸೌಟಿನಿಂದ ಬಡಿಯುತ್ತೇವೆ. ಮೂರು ಏಟೆಂದರೆ ಎಲ್ಲರೂ ಕ್ಷೇಮ. ಎಡೆಬಿಡದೆ ಬಡಿದರೆ ಗಾಳಿ ಸಾಲದು ಎಂದರ್ಥ. ಈಗ ಅದು ಬರೀ ಶಾಸ್ತ್ರ. ಎಲ್ಲ ಓಣಿಗಳ ಗಾಳಿ, ಹೊಗೆ, ಶಾಖದ ಸುದ್ದಿಯನ್ನು ಗೋಪುರದ ಯಂತ್ರ ನೆನಪಿನಲ್ಲಿಟ್ಟುಕೊಂಡು, ಕ್ಷಣಕ್ಷಣಕ್ಕೂ ತೆಗೆದು ಓದಿ, ತಾನೇ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಊರೆಲ್ಲ ನಂಬುವುದು ಅದನ್ನೇ.

ಆ ಸುದ್ದಿ ಓಡುವ ತಂತಿಗಳು ನನ್ನ ಪಾಲಿನ ಕೆಲಸ. ನಿಮಗಿಂತ ಹಿಂದಿನವರು ತಂತಿಯಲ್ಲಿ ಎರಡೇ ಮೆಟ್ಟಿಲು, ಎಂದರೆ ವಿದ್ಯುತ್ತಿನ ಮಟ್ಟ, ಇಟ್ಟಿದ್ದರಂತೆ: ವಿದ್ಯುತ್ತು ಇದೆ, ಇಲ್ಲ. ನೀವು ನಾಲ್ಕು ಮಾಡಿದಿರಿ. ಸೊನ್ನೆ, ಒಂದು, ಎರಡು, ಮೂರು. ಅಷ್ಟೇ ಹೊತ್ತಿನಲ್ಲಿ ಇಮ್ಮಡಿ ಸುದ್ದಿ ಹೋಗತೊಡಗಿತು, ಆದರೆ ಮೆಟ್ಟಿಲುಗಳ ನಡುವಿನ ಅಂತರ ಮೂರರಲ್ಲೊಂದು ಪಾಲಿಗೆ ಇಳಿಯಿತು. ಅಲ್ಲದೆ ನೀವು ಎಂಟರಲ್ಲಿ ಏಳು ಪಾಲಿಗೆ ಮಾತ್ರ ಸುದ್ದಿ ತುಂಬಿ, ಎಂಟನೆಯ ಪಾಲನ್ನು ಸುಮ್ಮನೆ ಬಿಟ್ಟಿದ್ದಿರಿ. ಯಾವ ಸುದ್ದಿಗೆ ಮೆಟ್ಟಿಲುಗಳ ಯಾವ ಸಾಲು ಎಂದು ತಿಳಿಸುವ ನಿಮ್ಮ ಪಟ್ಟಿಯ ಅಂಚಿನಲ್ಲಿ ಬರೆದಿದ್ದು ಒಂದೇ ಮಾತು: ‘ಇದನ್ನು ಬಳಸಬೇಡಿ.’

ಇನ್ನು ತಪ್ಪು. ಹೋದ ತಿಂಗಳು ಒಂಬತ್ತನೆಯ ಓಣಿ ಸೇರಿತು, ಗೋಪುರಕ್ಕೆ ಓದುವ ವೇಗ ಸಾಲದಾಯಿತು. ನಾನು ಯಾರನ್ನೂ ಕೇಳದೆ ಆ ಎಂಟನೆಯ ಪಾಲಿಗೂ ಸುದ್ದಿ ತುಂಬಿದೆ. ದಂಡಕ್ಕೆ ಬಿದ್ದಿರುವ ಜಾಗ ಎಂದುಕೊಂಡೆ. ನಿಮ್ಮ ಬುದ್ಧಿಯನ್ನು ಕಂಡು ನಕ್ಕೆ ಕೂಡ. ಇವತ್ತು ತಿಳಿಯಿತು. ಸುದ್ದಿ ಸೊನ್ನೆಯ ಮೆಟ್ಟಿಲಿನಿಂದ ಒಂದೇ ನೆಗೆತಕ್ಕೆ ಮೂರಕ್ಕೆ ಹಾರಿದರೆ ತಂತಿ ಅದುರುತ್ತದೆ, ಪಕ್ಕದ ತಂತಿಯೂ ಅದುರುತ್ತದೆ, ಆ ಗಳಿಗೆಯಲ್ಲಿ ಓದಿದರೆ ಮೂರು ಎರಡಾಗಿ ಕಾಣುತ್ತದೆ. ಅಂಥ ನೆಗೆತ ಎಲ್ಲಿಯೂ ಬಾರದಂತೆ ಮೆಟ್ಟಿಲುಗಳ ಸಾಲುಗಳನ್ನು ಆರಿಸಿಕೊಳ್ಳಲು ನೀವು ಆ ಪಾಲನ್ನು ತೆತ್ತಿದ್ದಿರಿ. ನಾನು ಅದನ್ನು ಕಸವೆಂದು ಗುಡಿಸಿ ತೆಗೆದೆ.

ಇವತ್ತು ಮಧ್ಯಾಹ್ನ ಗೋಪುರ ಐದನೆಯ ಓಣಿಯಲ್ಲಿ ಹೊಗೆ ತುಂಬಿದೆಯೆಂದು ಓದಿತು. ಬೆಂಕಿ ಆರಲೆಂದು ಗಾಳಿ ನಿಲ್ಲಿಸಿ ಬಾಗಿಲು ಹಾಕಿತು. ಒಳಗೆ ಅರವತ್ಮೂರು ಜನ. ನನ್ನ ತಂಗಿ ಹುಲುಗವ್ವ ಅಲ್ಲಿ ರೊಟ್ಟಿ ಬಡಿಯುವವಳು, ಅವಳ ಸೌಟಿನ ಸದ್ದು ನನಗೆ ಗೊತ್ತು. ಅದು ಎಡೆಬಿಡದೆ ಕೇಳುತ್ತಿತ್ತು. ಹೊಗೆಯಿದ್ದರೆ ಬಾಗಿಲಿನ ಸಂದಿಯಲ್ಲಿ ವಾಸನೆಯಾದರೂ ಬರಬೇಕಲ್ಲ? ಸಭೆಯ ಹೊನ್ನೂರಜ್ಜ, “ಗೋಪುರ ಇವತ್ತಿನ ತನಕ ಸುಳ್ಳು ಹೇಳಿಲ್ಲವ್ವಾ. ಸೌಟಿನ ಮಾತು ಕೇಳಿ ಬಾಗಿಲು ತೆಗೀತಾರೇನು?” ಎಂದರು. ಕಾರಣ ನನಗೆ ಆಗಲೇ ಹೊಳೆದಿತ್ತು. ಆದರೂ ಕಾಲು ಗಂಟೆ ಬಾಯಿ ಬಿಡಲಿಲ್ಲ. ಗೋಪುರ ಕೆಡಿಸಿದವರನ್ನು ಮೇಲಿನ ಬಿಸಿಲಿಗೆ ಅಟ್ಟುತ್ತಾರೆ, ನನಗೆ ಭಯವಾಯಿತು. ಹೋಗಿ ಹೇಳಿದಾಗ ಅಜ್ಜ ಕಾಗದ ಮುಂದಿಟ್ಟು, ಬರೆದುಕೊಡು ಎಂದರು.

ಈಗ ಏಟುಗಳ ನಡುವೆ ಬಿಡುವು ಹೆಚ್ಚುತ್ತಿದೆ. ಒಂದೊಂದು ಸಲ ಇದೇ ಕೊನೆಯದೇನೋ ಎನಿಸಿ ಲೇಖನಿ ಎತ್ತಿ ಹಿಡಿಯುತ್ತೇನೆ. ಆಮೇಲೆ ಮತ್ತೊಂದು ಏಟು ಕೇಳುತ್ತದೆ.

ಹಿರಿಯರೇ, ನಿಮ್ಮಲ್ಲಿ ಒಂದೇ ಬೇಡಿಕೆ. ಏನನ್ನಾದರೂ ಖಾಲಿ ಬಿಟ್ಟರೆ ಯಾಕೆ ಬಿಟ್ಟಿರೆಂದು ಪಕ್ಕದಲ್ಲೇ ಬರೆದಿಡಿ. ‘ಬೇಡಿ’ ಎಂದಷ್ಟೇ ಬರೆದರೆ ನನ್ನಂಥ ಜಾಣೆ ಯಾವತ್ತಾದರೂ ಹುಟ್ಟಿಯೇ ಹುಟ್ಟುತ್ತಾಳೆ. ಒಂದು ಸಾಲು ಸಾಕಿತ್ತು.

ಹೊನ್ನೂರಜ್ಜಾ, ನೀವು ಇಲ್ಲಿಯವರೆಗೆ ಗಟ್ಟಿಯಾಗಿ ಓದಿದ್ದರೆ ಕ್ರಮ ಮುಗಿಯಿತು. ಗೋಪುರ ಸುಳ್ಳು ಹೇಳಿದೆ, ಹೇಳಿಸಿದವಳು ನಾನು. ರುಜು ಕೆಳಗಿದೆ, ನನ್ನನ್ನು ಯಾವಾಗ ಬೇಕಾದರೂ ಬಿಸಿಲಿಗೆ ಕಳಿಸಿ. ಕಾಗದ ಕೆಳಗಿಡಿ. ಬಾಗಿಲು ತೆಗೆಯಿರಿ.

ತಿಪ್ಪಕ್ಕ